ಹೈಫಾದ ಒಂದು ಮಧ್ಯಾಹ್ನವನ್ನು ಹುಡುಕುತ್ತ: ಅಂತರ್ಜಾಲದಲ್ಲಿ ಸಿಗುವ ಯುದ್ಧಕಾಲದ ನಕ್ಷೆಗಳು ಮತ್ತು ಸರ್ಕಾರಿ ಕಡತಗಳು

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು ಎಂಬುದೂ, ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರ ಮತ್ತು ಮೈಸೂರಿನ ಕುದುರೆ ಸವಾರರು ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ತುರ್ಕರಿಂದಲೂ ಜರ್ಮನ್ನರಿಂದಲೂ ಗೆದ್ದುಕೊಂಡರೆಂಬುದೂ ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಆ ದಿನ ನಮ್ಮವರು ಯಾವ ಕಡೆಯಿಂದ ಬಂದರು, ಯಾವ ಇಳಿಜಾರನ್ನು ಹತ್ತಿದರು, ನದಿ ಎಲ್ಲಿತ್ತು, ಫಿರಂಗಿಗಳು ಎಲ್ಲಿದ್ದವು ಎಂದು ಕೇಳಿದರೆ ಬೆರಳಿಟ್ಟು ತೋರಿಸಬಲ್ಲವರು ಕಡಿಮೆ. ಕೆಲವು ತಿಂಗಳುಗಳಿಂದ ಸಂಜೆಯ ಹೊತ್ತನ್ನು ಈ ಒಂದೇ ಪ್ರಶ್ನೆಗೆ ಮೀಸಲಿಟ್ಟು, ಮನೆಯಲ್ಲಿಯೇ ಕುಳಿತು, ಯುದ್ಧಕಾಲದ ಸೇನಾ ನಕ್ಷೆಗಳನ್ನೂ ಸರ್ಕಾರಿ ದಾಖಲೆಗಳನ್ನೂ ಸ್ಕ್ಯಾನ್ ಮಾಡಿ ಒದಗಿಸುವ ಹಲವು ಜಾಲತಾಣಗಳನ್ನು ಬಳಸಿ ನೋಡಿದ್ದೇನೆ. ಅವುಗಳಲ್ಲಿ ಯಾವುದು ಯಾವುದಕ್ಕೆ ಉಪಯುಕ್ತ, ಎಲ್ಲಿ ಎಚ್ಚರ ಬೇಕು ಎಂಬುದನ್ನು, ಇದೇ ದಾರಿಯಲ್ಲಿ ಹುಡುಕಲು ಹೊರಡುವ ಕನ್ನಡದ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆರಂಭಕ್ಕೆ ನಾನು ಸೂಚಿಸುವುದು ನಕ್ಷೆಯನ್ನಲ್ಲ, ಲಂಡನ್ ಗೆಜೆಟ್ಟನ್ನು. ಬ್ರಿಟಿಷ್ ಸರ್ಕಾರದ ಈ ಅಧಿಕೃತ ಪತ್ರಿಕೆಯ ಹಳೆಯ ಸಂಚಿಕೆಗಳೆಲ್ಲ ಅದರ ಜಾಲತಾಣದಲ್ಲಿ ಹಣ ಕೊಡದೆ ಓದಲು ಸಿಗುತ್ತವೆ. ಪ್ಯಾಲೆಸ್ತೀನ್ ರಣರಂಗದ ದಂಡನಾಯಕ ಜನರಲ್ ಅಲೆನ್ಬಿ 1918ರ ಅಕ್ಟೋಬರ್ 31ರಂದು ಸಲ್ಲಿಸಿದ ವರದಿ ಅದೇ ವರ್ಷ ಡಿಸೆಂಬರ್ 30ರ ಪುರವಣಿಯಲ್ಲಿ ಅಚ್ಚಾಗಿದೆ. ಮೈಸೂರು ಲ್ಯಾನ್ಸರ್ಸ್ ಕಾರ್ಮೆಲ್ ಬೆಟ್ಟದ ಬಂಡೆಗಲ್ಲಿನ ಇಳಿಜಾರನ್ನು ಶತ್ರುಗಳಿಂದ ತೆರವು ಮಾಡುತ್ತಿದ್ದಾಗ ಜೋಧಪುರದವರು ಬೆಟ್ಟಕ್ಕೂ ನದಿಗೂ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ಮಷಿನ್‌ಗನ್‌ಗಳ ಮೇಲೆಯೇ ಕುದುರೆ ಹಾಯಿಸಿ ಪಟ್ಟಣದೊಳಕ್ಕೆ ನುಗ್ಗಿದರು ಎಂಬ ಸಂಗತಿ ಅಲ್ಲಿ ಕೆಲವೇ ಸಾಲುಗಳಲ್ಲಿದೆ. ಅಂದು ಸೆರೆಸಿಕ್ಕವರು 1,350 ಮಂದಿ. ವಶವಾದದ್ದು 17 ಫಿರಂಗಿ, 11 ಮಷಿನ್‌ಗನ್. ಗೆಜೆಟ್ಟಿನ ಗುಣವೆಂದರೆ ಪುಟವನ್ನು ಹೇಗೆ ಅಚ್ಚಾಗಿತ್ತೋ ಹಾಗೆಯೇ ತೋರಿಸುತ್ತದೆ, ಸಂಚಿಕೆಯ ಸಂಖ್ಯೆ ಮತ್ತು ಪುಟಸಂಖ್ಯೆಯೊಂದಿಗೆ ಉಲ್ಲೇಖಿಸಬಹುದು. ಆದರೆ ಪದ ಹಾಕಿ ಹುಡುಕುವಾಗ ಆ ಕಾಲದ ಕಾಗುಣಿತವನ್ನು ನೆನಪಿನಲ್ಲಿಡಬೇಕು. ಇಂದು ನಾವು ಜೋಧಪುರ ಎಂದು ಇಂಗ್ಲಿಷಿನಲ್ಲಿ ಬರೆಯುವ ರೀತಿಗೂ ಅಂದಿನವರು ಕೊನೆಗೊಂದು ‘ಇ’ ಸೇರಿಸಿ ಬರೆಯುತ್ತಿದ್ದ ರೀತಿಗೂ ವ್ಯತ್ಯಾಸವಿದ್ದು, ಯಂತ್ರ ಅದನ್ನು ತಾನಾಗಿ ಅರ್ಥಮಾಡಿಕೊಳ್ಳುವುದಿಲ್ಲ. ಪದಕ್ಕಿಂತ ದಿನಾಂಕ ಹಾಕಿ ಹುಡುಕುವುದೇ ಖಚಿತವಾದ ವಿಧಾನ.

ವರದಿಯನ್ನು ಓದಿದ ಮೇಲೆ ನಕ್ಷೆ ಬೇಕಾಯಿತು. ನನ್ನ ಮಟ್ಟಿಗೆ ಈ ಹುಡುಕಾಟದ ಅತಿ ಬೆಲೆಯುಳ್ಳ ಭಾಗ ಇಲ್ಲಿಂದಲೇ ಶುರುವಾಗುತ್ತದೆ. ಪ್ಯಾಲೆಸ್ತೀನ್ ಓಪನ್ ಮ್ಯಾಪ್ಸ್ ಎಂಬ ಜಾಲತಾಣ 2018ರಿಂದ ಇದೆ. ಆ ನೆಲದ ಹಳೆಯ ಸಮೀಕ್ಷಾ ನಕ್ಷೆಗಳನ್ನು ಒಂದಕ್ಕೊಂದು ಜೋಡಿಸಿ, ಭೂಮಿಯ ಮೇಲಿನ ಸರಿಯಾದ ಜಾಗದಲ್ಲಿ ಕೂರಿಸಿ, ಯಾರು ಬೇಕಾದರೂ ನೋಡುವಂತೆ ಅದು ತೆರೆದಿಟ್ಟಿದೆ. ಅದರಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಒಂದು, ಪ್ಯಾಲೆಸ್ತೀನ್ ಎಕ್ಸ್‌ಪ್ಲೊರೇಷನ್ ಫಂಡ್ ಎಂಬ ಸಂಸ್ಥೆಗಾಗಿ 1871ರಿಂದ 1877ರವರೆಗೆ ಸೇನೆಯ ಎಂಜಿನಿಯರ್‌ಗಳಾದ ಕಾಂಡರ್, ಕಿಚನರ್ ಮೊದಲಾದವರು ಅಳೆದು, 1880ರಲ್ಲಿ 26 ಹಾಳೆಗಳಾಗಿ ಪ್ರಕಟವಾದ, ಒಂದು ಅಂಗುಲಕ್ಕೆ ಒಂದು ಮೈಲಿಯ ನಕ್ಷೆ. ಇನ್ನೊಂದು, ಬ್ರಿಟಿಷ್ ಆಡಳಿತದ ಸರ್ವೆ ಇಲಾಖೆ ಸಿದ್ಧಪಡಿಸಿದ, 1940ರ ದಶಕದ, 1:20,000 ಪ್ರಮಾಣದ ಹಾಳೆಗಳು. ಎರಡನ್ನೂ ಇಂದಿನ ನಕ್ಷೆಯೊಂದಿಗೆ ಒಂದೇ ಜಾಗದಲ್ಲಿ ಬದಲಾಯಿಸಿ ಬದಲಾಯಿಸಿ ನೋಡಬಹುದು.

ಮೊದಲ ಮಹಾಯುದ್ಧದ ಕಾಲಕ್ಕೆ ಆ ನಾಡಿಗೆ ಸಮಗ್ರವಾದ ಬೇರೆ ಇಂಗ್ಲಿಷ್ ನಕ್ಷೆ ಇರಲಿಲ್ಲವಾದ್ದರಿಂದ ಅಲೆನ್ಬಿಯ ಸೇನೆಯ ನಕ್ಷೆಗಳಿಗೂ ಬುನಾದಿಯಾದದ್ದು ಈ 1880ರ ಹಾಳೆಗಳೇ. ಆದ್ದರಿಂದ ಅದನ್ನು ತೆರೆದಾಗ, ನಮ್ಮ ಅಧಿಕಾರಿಗಳ ಕೈಯಲ್ಲಿದ್ದ ನಕ್ಷೆಗೆ ಅತಿ ಸಮೀಪದ್ದನ್ನು ನೋಡುತ್ತಿದ್ದೇವೆ ಎಂದು ತಿಳಿಯಬಹುದು. ಕಾರ್ಮೆಲ್ ಬೆಟ್ಟ ವಾಯವ್ಯಕ್ಕೆ ಚಾಚಿ ಸಮುದ್ರಕ್ಕೆ ಮೂಗು ತಾಗಿಸಿ ನಿಂತಿದೆ. ಅದರ ಬುಡದಲ್ಲಿಯೇ ಹೈಫಾ. ಪೂರ್ವದಿಂದ ಬರುವ ದಾರಿ ಬಲದ್ ಅಲ್ ಶೇಖ್ ಹಳ್ಳಿಯನ್ನು ಹಾದು ಬೆಟ್ಟದ ಪಾದವನ್ನು ಹಿಡಿದೇ ಸಾಗುತ್ತದೆ. ಬಲಗಡೆ ಕೀಷೋನ್ ನದಿ, ಅರಬರ ಮಾತಿನಲ್ಲಿ ನಹರ್ ಅಲ್ ಮುಕತ್ತ, ಸುತ್ತಿ ಬಳಸಿ, ಜೌಗು ಮಾಡುತ್ತ ಕೊಲ್ಲಿಗೆ ಸೇರುತ್ತದೆ. ಎಡಕ್ಕೆ ಕಡಿದಾದ ಬೆಟ್ಟ, ಬಲಕ್ಕೆ ಕುದುರೆ ಹೂತುಹೋಗುವ ಕೆಸರು. ನಡುವೆ ಉಳಿದ ಪಟ್ಟಿಯೇ ದಾರಿ. ಆ ಪಟ್ಟಿಯ ಮೇಲೆ ಬೆಟ್ಟದಿಂದ ಗುಂಡು ಬೀಳುತ್ತಿತ್ತು. ಜೋಧಪುರದವರು ನದಿಯ ದಂಡೆಯನ್ನು ದಾಟಲು ಆಗದೆ ಎಡಕ್ಕೆ ತಿರುಗಿ ಬೆಟ್ಟದ ಪಾದದ ಮಷಿನ್‌ಗನ್‌ಗಳ ಮೇಲೆ ಏಕೆ ಏರಿಹೋದರು ಎಂಬುದನ್ನು ಎಷ್ಟೋ ಪುಟಗಳಲ್ಲಿ ಓದಿದ್ದೆ. ಅದು ಮನಸ್ಸಿಗೆ ಹಿಡಿದದ್ದು ಮಾತ್ರ ಈ ಹಾಳೆಯನ್ನು ದೊಡ್ಡದು ಮಾಡಿ ನೋಡಿದಾಗ. ಆ ದಾಳಿಯಲ್ಲಿ ಅವರ ಮೇಜರ್ ದಲಪತ್ ಸಿಂಗ್ ಮಡಿದರು.

ಹಾಗೆಂದು 1880ರ ನಕ್ಷೆಯನ್ನೇ 1918ರ ನೆಲವೆಂದು ನಂಬಬಾರದು. ಅದರಲ್ಲಿ ರೈಲು ಹಳಿಯೇ ಇಲ್ಲ. ಹಿಜಾಜ್ ರೈಲ್ವೆಯ ಹೈಫಾ ಶಾಖೆ ಸಂಚಾರಕ್ಕೆ ತೆರೆದದ್ದು 1905ರಲ್ಲಿ; ಅಲ್ಲಿಂದ ಅಕ್ಕೋ ಪಟ್ಟಣದ ಕಡೆಗೆ ಕವಲೊಡೆದ ಹಳಿ 1913ರದ್ದು. ಮೈಸೂರಿನ ತುಕಡಿಗಳಲ್ಲಿ ಕೆಲವು ಪಟ್ಟಣವನ್ನು ಪೂರ್ವ ಮತ್ತು ಉತ್ತರದಿಂದ ಸುತ್ತುವರಿಯಲು ಹೋದದ್ದು ಈ ಹಳಿಯ ಆಸುಪಾಸಿನಲ್ಲಿ. ಇನ್ನೊಂದು ತುಕಡಿಯನ್ನು ಬೆಟ್ಟದ ಮೇಲಿನ ಕಾರ್ಮೆಲ್‌ಹೈಮ್ ಬಳಿಯ ಫಿರಂಗಿಗಳನ್ನು ಹಿಡಿಯಲು ಕಳಿಸಿದರು, ಅದರ ಬೆಂಬಲಕ್ಕೆ ಶೆರ್ವುಡ್ ರೇಂಜರ್ಸ್ ಎಂಬ ಬ್ರಿಟಿಷ್ ಸವಾರರ ಪಡೆಯ ತುಕಡಿಯೊಂದು ಹೋಯಿತು. ಕಾರ್ಮೆಲ್‌ಹೈಮ್ ಎಂಬ ಹೆಸರನ್ನೂ ಆ ಹಳೆಯ ಹಾಳೆಯಲ್ಲಿ ಹುಡುಕಿ ಫಲವಿಲ್ಲ. 1868ರಲ್ಲಿ ಹೈಫಾಕ್ಕೆ ಬಂದು ನೆಲೆಸಿದ ಜರ್ಮನ್ ಟೆಂಪ್ಲರ್ ಪಂಥದವರು ಬೆಟ್ಟದ ಮೇಲೆ ಮನೆ ಕಟ್ಟಿಕೊಂಡದ್ದು ಸರ್ವೆ ಮುಗಿದ ನಂತರ.

1940ರ ದಶಕದ ಹಾಳೆಗೆ ಬಂದರೆ ತೊಂದರೆ ತಿರುಗುಮುರುಗು. ರೈಲು ಇದೆ, ಬೆಟ್ಟದ ಮೇಲಿನ ಬಡಾವಣೆಗಳಿವೆ, ಇಳಿಜಾರಿನ ಕಡಿದು ಎಷ್ಟೆಂದು, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳಿಂದ ಲೆಕ್ಕ ಹಾಕಬಹುದು. ಆದರೆ 1933ರಲ್ಲಿ ಉದ್ಘಾಟನೆಯಾದ ಬಂದರಿಗಾಗಿ ಸಮುದ್ರವನ್ನು ತುಂಬಿ ಕರಾವಳಿಯನ್ನೇ ಮುಂದಕ್ಕೆ ತಳ್ಳಿದ್ದಾರೆ, ಕೊಲ್ಲಿಯ ಬದಿಯ ಬಯಲಿನಲ್ಲಿ ಕೈಗಾರಿಕೆಗಳು ಎದ್ದಿವೆ. ಹೀಗಾಗಿ 1918ರ ಹೈಫಾ ಈ ಎರಡು ಹಾಳೆಗಳ ನಡುವೆ ಎಲ್ಲೋ ಇದೆ. ಒಂದರಿಂದ ಕರಾವಳಿಯನ್ನೂ ನದಿಯ ಹರಿವನ್ನೂ, ಇನ್ನೊಂದರಿಂದ ಹಳಿಯನ್ನೂ ಬೆಟ್ಟದ ಏರನ್ನೂ ತೆಗೆದುಕೊಂಡು, ಒಂದು ಬಿಳಿ ಕಾಗದದ ಮೇಲೆ ನಾನೇ ಬರೆದುಕೊಂಡ ಒರಟು ನಕ್ಷೆಯೇ ಕೊನೆಗೆ ನನ್ನ ಪ್ರಶ್ನೆಗೆ ಹತ್ತಿರದ ಉತ್ತರವಾಯಿತು. ಪ್ಯಾಲೆಸ್ತೀನ್ ಓಪನ್ ಮ್ಯಾಪ್ಸ್ ತಾಣದಲ್ಲಿ ಸ್ಥಳದಿಂದ ಸ್ಥಳಕ್ಕೆ ಓಡಾಡುವುದು ಸರಾಗವಾಗಿದೆ, ಅರಬ್ಬೀ ಮತ್ತು ಇಂಗ್ಲಿಷ್ ಎರಡರಲ್ಲೂ ಹಳ್ಳಿಯ ಹೆಸರು ಹಾಕಿ ಹುಡುಕಬಹುದು. ಯುದ್ಧದ ಇತಿಹಾಸಕ್ಕೆಂದು ಮಾಡಿದ ತಾಣ ಇದಲ್ಲ, ಅಲ್ಲಿನ ಹಳ್ಳಿಗಳ ನೆನಪನ್ನು ಉಳಿಸಲು ಮಾಡಿದ್ದು. ಆದರೂ ನಮ್ಮ ಸವಾರರ ದಾರಿಯನ್ನು ತಿಳಿಯಲು ಇದಕ್ಕಿಂತ ಉತ್ತಮ ಸಾಧನ ನನಗೆ ಸಿಗಲಿಲ್ಲ.

ಇದಕ್ಕೆ ಪೂರಕವಾಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ, ಅಲೆನ್ಬಿಯ ಸೇನೆಯ ಮುನ್ನಡೆಯನ್ನು ಕುರಿತು ಅಧಿಕೃತ ಮೂಲಗಳಿಂದ ಸಂಕಲಿಸಿ 1919ರಲ್ಲಿ ಹೊರತಂದ ಕಿರು ವರದಿಯೊಂದು ಸಿಗುತ್ತದೆ. ಅದರಲ್ಲಿ ಘಟ್ಟಘಟ್ಟವಾಗಿ ಸೇನೆ ಎಲ್ಲಿತ್ತೆಂದು ತೋರಿಸುವ ಬಣ್ಣದ ನಕ್ಷೆಗಳೂ, ಅವುಗಳ ಜೊತೆಗೆ ವಿವರಣೆಯೂ ಇವೆ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ವಿಷಯದಲ್ಲಿ ಒಂದು ಮಾತನ್ನು ಸಾಮಾನ್ಯವಾಗಿ ಹೇಳಬೇಕು: ಮಡಿಚಿ ಅಂಟಿಸಿದ ನಕ್ಷೆಗಳನ್ನು ಬಿಚ್ಚದೆಯೇ ಸ್ಕ್ಯಾನ್ ಮಾಡಿದ ಪ್ರತಿಗಳು ಬಹಳ ಇವೆ. ಒಂದೇ ಪುಸ್ತಕದ ಎರಡು ಮೂರು ಪ್ರತಿಗಳನ್ನು ಬೇರೆ ಬೇರೆ ಗ್ರಂಥಾಲಯಗಳು ಏರಿಸಿರುತ್ತವೆ. ಎಲ್ಲವನ್ನೂ ತೆರೆದು, ನಕ್ಷೆ ಪೂರ್ತಿ ಕಾಣುವ ಪ್ರತಿಯನ್ನು ಆರಿಸಿಕೊಳ್ಳುವುದಕ್ಕೆ ತಾಳ್ಮೆ ಬೇಕು.

ಸೇನಾ ನಕ್ಷೆಗಳನ್ನು ಓದುವ ಅಭ್ಯಾಸವೇ ಇಲ್ಲದವರು ಹೈಫಾಕ್ಕೆ ಹೋಗುವ ಮೊದಲು ಎಡಿನ್‌ಬರೋದ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ನಕ್ಷೆಗಳ ತಾಣದಲ್ಲಿ ಒಂದು ವಾರ ಕಳೆಯಬೇಕೆಂದು ನನ್ನ ಸಲಹೆ. ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಕಂದಕಗಳ ನಕ್ಷೆಗಳು, 1:10,000, 1:20,000 ಮತ್ತು 1:40,000 ಪ್ರಮಾಣದವು, ಅಲ್ಲಿ ದೊಡ್ಡ ಸಂಖ್ಯೆಯಲ್ಲಿವೆ. ಹಳೆಯ ಹಾಳೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ, ಒಂದು ಗುಂಡಿಯನ್ನು ಎಳೆದು ಬೇಕಾದಷ್ಟು ಪಾರದರ್ಶಕ ಮಾಡಿಕೊಳ್ಳಬಹುದು. ಇಲ್ಲವೇ ಪರದೆಯನ್ನು ಎರಡು ಮಾಡಿ ಅಕ್ಕಪಕ್ಕ ಇಟ್ಟು ನೋಡಬಹುದು. ನಾನು ಕಂಡ ತಾಣಗಳಲ್ಲಿ ನಕ್ಷೆ ತೋರಿಸುವ ವ್ಯವಸ್ಥೆ ಇಷ್ಟು ಅಚ್ಚುಕಟ್ಟಾಗಿರುವುದು ಇನ್ನೊಂದಿಲ್ಲ. ಬ್ರಿಟಿಷ್ ನಕ್ಷೆಗಳಲ್ಲಿ 1918ರ ಆರಂಭದವರೆಗೆ ಜರ್ಮನ್ ಕಂದಕಗಳು ಕೆಂಪು, ತಮ್ಮವು ನೀಲಿ. ಆಮೇಲೆ ಫ್ರೆಂಚರ ಪದ್ಧತಿಗೆ ಹೊಂದಿಸಲು ಬಣ್ಣಗಳನ್ನು ಅದಲುಬದಲು ಮಾಡಿದರು. ಇದು ಗೊತ್ತಿಲ್ಲದೆ ನೋಡಿದವರು ಯುದ್ಧವನ್ನೇ ತಲೆಕೆಳಗಾಗಿ ಓದುತ್ತಾರೆ. ತಮ್ಮ ಕಂದಕಗಳನ್ನು ಪೂರ್ತಿ ಬಿಡಿಸಿ ತೋರಿಸದ ಹಾಳೆಗಳೇ ಹೆಚ್ಚು; ನಕ್ಷೆ ಶತ್ರುವಿನ ಕೈಗೆ ಸಿಕ್ಕರೆ ಎಂಬ ಭಯ ಅದಕ್ಕೆ ಕಾರಣ.

ಜಾಗವನ್ನು ಗುರುತಿಸುವ ಅವರ ಕ್ರಮವನ್ನೂ ಇಲ್ಲಿಯೇ ಕಲಿಯುವುದು ಸುಲಭ. ಮೊದಲು ಹಾಳೆಯ ಸಂಖ್ಯೆ; ಅದರೊಳಗೆ ದೊಡ್ಡ ಇಂಗ್ಲಿಷ್ ಅಕ್ಷರದ ಚೌಕ; ಅದರೊಳಗೆ ಸಾವಿರ ಗಜ ಬದಿಯ, ಸಂಖ್ಯೆ ಹಾಕಿದ ಚೌಕಗಳು; ಪ್ರತಿಯೊಂದರಲ್ಲಿ ಮತ್ತೆ ಎ, ಬಿ, ಸಿ, ಡಿ ಎಂಬ ನಾಲ್ಕು ಭಾಗ; ಕೊನೆಗೆ ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂಬ ದಶಾಂಶ. ಯುದ್ಧ ದಿನಚರಿಯಲ್ಲಿ ಒಬ್ಬ ಅಧಿಕಾರಿ ಮೇಣದ ಬತ್ತಿಯ ಬೆಳಕಿನಲ್ಲಿ ಗೀಚಿಟ್ಟ ಅಕ್ಷರ ಮತ್ತು ಅಂಕಿಗಳ ಸಾಲು ಹೀಗೆ ಒಂದು ಹೊಲದ ಮೂಲೆಯಾಗಿ, ಒಂದು ಬಾವಿಯ ಕಟ್ಟೆಯಾಗಿ ತೆರೆದುಕೊಳ್ಳುತ್ತದೆ. 1915ರ ಮಾರ್ಚ್ 10ರಂದು ಭಾರತೀಯ ಸೈನಿಕರು ನೂವ್ ಶಪೆಲ್ ಹಳ್ಳಿಯ ಮೇಲೆ ಏರಿಹೋದ ಬಯಲನ್ನು ಈ ತಾಣದಲ್ಲಿ ನೋಡಿ. ವಿಮಾನದಿಂದ ತೆಗೆದ ಚಿತ್ರಗಳ ಆಧಾರದ ಮೇಲೆ ಶತ್ರುಗಳ ಕಂದಕಗಳನ್ನು ಗುರುತಿಸಿ ದಾಳಿಗೆ ಮೊದಲು ನಕ್ಷೆ ಹಂಚಿದ ಆರಂಭದ ಕಾಳಗಗಳಲ್ಲಿ ಅದೂ ಒಂದು. ಫ್ರಾನ್ಸಿನಲ್ಲಿ ಮಡಿದು ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿರುವ, 1927ರಲ್ಲಿ ಅನಾವರಣಗೊಂಡ ಸ್ಮಾರಕವೂ ಇಂದು ಅಲ್ಲಿದೆ. ಪಾರದರ್ಶಕ ಮಾಡಿದ ಹಾಳೆಯ ಅಡಿಯಿಂದ ಅದರ ದುಂಡನೆಯ ಆವರಣ ಕಾಣಿಸಿಕೊಳ್ಳುತ್ತದೆ.

ಯುದ್ಧ ದಿನಚರಿಗಳೆಂದರೆ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ‘ಡಬ್ಲ್ಯುಒ 95’ ಎಂಬ ವರ್ಗ. ರಣರಂಗದಲ್ಲಿದ್ದ ಪ್ರತಿ ಪಡೆಯೂ ದಿನದಿನದ ಸಂಗತಿಯನ್ನು ಸೇನೆಯ ಸಿ 2118 ನಮೂನೆಯಲ್ಲಿ ಬರೆದಿಡಬೇಕಿತ್ತು. ಸ್ಥಳ, ದಿನಾಂಕ, ಹೊತ್ತು, ಸಂಗತಿಗಳ ಸಾರಾಂಶ, ಟಿಪ್ಪಣಿ ಮತ್ತು ಅನುಬಂಧಗಳ ಉಲ್ಲೇಖ ಎಂದು ಅದರಲ್ಲಿ ಅಂಕಣಗಳಿವೆ. ಹೊಸಬರು ಸಾರಾಂಶವನ್ನು ಮಾತ್ರ ಓದಿ ಮುಚ್ಚಿಬಿಡುತ್ತಾರೆ. ಆಜ್ಞೆಯ ಪ್ರತಿಗಳು, ಕೈಯಲ್ಲಿ ಬರೆದ ರೇಖಾಚಿತ್ರಗಳು, ಅಳಿದವರ ಪಟ್ಟಿ, ಟಿಪ್ಪಣಿ ಮಾಡಿದ ನಕ್ಷೆಯ ತುಂಡುಗಳು, ಇವೆಲ್ಲ ಇರುವುದು ಕೊನೆಯ ಅನುಬಂಧಗಳಲ್ಲಿ, ಆದ್ದರಿಂದ ಕಡತವನ್ನು ಹಿಂದಿನಿಂದ ಮುಂದಕ್ಕೆ ನೋಡುವುದು ನನ್ನ ರೂಢಿ. ಫ್ರಾನ್ಸಿಗೆ ಹೋದ ಭಾರತೀಯ ಪಡೆಗಳ ದಿನಚರಿಗಳನ್ನು ಯುದ್ಧದ ಶತಮಾನದ ಸಂದರ್ಭದಲ್ಲಿ ಡಿಜಿಟಲ್ ಮಾಡಿದರು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಹೆಸರು ನೋಂದಾಯಿಸಿಕೊಂಡವರಿಗೆ ಅದುವರೆಗೆ ಶುಲ್ಕವಿದ್ದ ಡಿಜಿಟಲ್ ಕಡತಗಳನ್ನು ಒಂದು ಮಿತಿಯೊಳಗೆ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟದ್ದು ನಮ್ಮಂಥ ದೂರದವರಿಗೆ ದೊಡ್ಡ ಉಪಕಾರ. ಆದರೆ ಸೂಚಿಯಲ್ಲಿ ಹೆಸರಿರುವುದೆಲ್ಲ ಸ್ಕ್ಯಾನ್ ಆಗಿದೆಯೆಂದು ತಿಳಿಯಬಾರದು. ಸ್ಕ್ಯಾನ್ ಆಗದ ಕಡತ ಬೇಕಾದರೆ ಹಣ ಕಟ್ಟಿ ನಕಲು ತರಿಸಬೇಕು, ಇಲ್ಲವೇ ಕ್ಯೂ ಎಂಬಲ್ಲಿರುವ ಅವರ ವಾಚನಾಲಯಕ್ಕೆ ಹೋಗಬೇಕು.

ಈ ವರ್ಗದಲ್ಲಿ ಕನ್ನಡಿಗರು ಮೈಸೂರು ಲ್ಯಾನ್ಸರ್ಸ್ ಒಂದನ್ನೇ ಹುಡುಕಿ ನಿಲ್ಲಿಸಬಾರದು. 27ನೆಯ ಬ್ರಿಗೇಡಿನ ಹೆಸರಿನ ಜೊತೆಗೆ ಬೆಂಗಳೂರು ಎಂದೇ ಇದೆ. 1914ರ ನವೆಂಬರ್ ಮೊದಲ ವಾರ ಪೂರ್ವ ಆಫ್ರಿಕಾದ ಟಾಂಗಾದಲ್ಲಿ ಹಡಗಿನಿಂದ ಇಳಿದು ಸೋತು ಹಿಂತಿರುಗಿದ ಪಡೆ ಅದು. ಜೇನುಹುಳುಗಳು ಎದ್ದು ಎರಡೂ ಕಡೆಯವರನ್ನು ಅಟ್ಟಿಸಿಕೊಂಡು ಬಂದ ಕಾಳಗವೆಂದು ಅದನ್ನು ಇಂದಿಗೂ ನೆನೆಯುತ್ತಾರೆ. ಹಲಸೂರು ಕೆರೆಯ ಬದಿಯ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್‌ಗಳ ದಳದವರು ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, 1917ರ ಫೆಬ್ರವರಿ 23ರಂದು ಶುಮ್ರಾನ್ ತಿರುವಿನಲ್ಲಿ ತುಂಬಿ ಹರಿಯುತ್ತಿದ್ದ ಟೈಗ್ರಿಸ್ ನದಿಯನ್ನು ಗುಂಡಿನ ಮಳೆಯಲ್ಲಿ ದಾಟಿದ ಕೆಲಸದಲ್ಲಿದ್ದರು. ಬಾಗ್ದಾದ್ ಬಿದ್ದದ್ದು ಅದಾದ ಹದಿನಾರು ದಿನಕ್ಕೆ, ಮಾರ್ಚ್ 11ರಂದು. ಬೆಂಗಳೂರಿನಲ್ಲಿ ದಿನವೂ ಅವರ ಆವರಣದ ಗೋಡೆಯ ಪಕ್ಕದಲ್ಲಿ ಓಡಾಡುವವರಿಗೆ ಆ ತಿರುವಿನ ನಕ್ಷೆಯನ್ನು ಒಮ್ಮೆ ತೋರಿಸಬೇಕೆಂದು ನನಗೆ ಆಸೆ.

ಮೆಸೊಪೊಟೇಮಿಯಾಕ್ಕೆ ಕತಾರ್ ಡಿಜಿಟಲ್ ಲೈಬ್ರರಿಯೇ ಸರಿಯಾದ ಬಾಗಿಲು. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ಕಡತಗಳ ಪೈಕಿ ಕೊಲ್ಲಿ ಪ್ರದೇಶಕ್ಕೆ ಸಂಬಂಧಿಸಿದವನ್ನು ಕತಾರ್ ಫೌಂಡೇಷನ್ ಮತ್ತು ಕತಾರ್ ನ್ಯಾಷನಲ್ ಲೈಬ್ರರಿ ಜೊತೆಗೂಡಿ 2014ರಿಂದ ಪ್ರಕಟಿಸುತ್ತಿವೆ. ಇರಾಕಿನ ಯುದ್ಧವನ್ನು ಆರಂಭದಲ್ಲಿ ನಡೆಸಿದ್ದು ಸಿಮ್ಲಾದ ಭಾರತ ಸರ್ಕಾರವೇ ಆದ್ದರಿಂದ ಆ ಯುದ್ಧದ ಗುಪ್ತ ತಂತಿಗಳು, ದಾರಿಗಳ ಕೈಪಿಡಿಗಳು, ನಕ್ಷೆಗಳು ಇಲ್ಲಿವೆ. ಈ ತಾಣವನ್ನು ನಾನು ಮೆಚ್ಚುವುದು ಅದರ ಸೂಚಿಗಾಗಿ. ಪ್ರತಿ ಕಡತದಲ್ಲಿ ಏನಿದೆ, ಯಾರು ಯಾರಿಗೆ ಬರೆದರು, ಎಷ್ಟು ಹಾಳೆ ಎಂಬುದನ್ನು ಓದಿ ತಿಳಿದ ಮನುಷ್ಯರು ಬರೆದಿಟ್ಟಿದ್ದಾರೆ. ನಕ್ಷೆಯೊಂದು ಕಡತದ ನಡುವೆ ಇದ್ದರೆ ಅದನ್ನೂ ಹೆಸರಿಸಿರುತ್ತಾರೆ. ಪುಟದ ಅಕ್ಷರಗಳನ್ನು ಯಂತ್ರ ಓದಿ ಪಠ್ಯ ಮಾಡಿದೆ, ಅದರಲ್ಲಿ ತಪ್ಪುಗಳಿರಬಹುದೆಂದು ತಾಣವೇ ಹೇಳುತ್ತದೆ. ಹುಡುಕುವಾಗ ಇರಾಕ್ ಎಂಬ ಪದ ಸಾಲದು. ಆ ಕಾಲದ ಕಡತಗಳಲ್ಲಿ ಆ ನಾಡು ಮೆಸೊಪೊಟೇಮಿಯಾ ಅಥವಾ ಟರ್ಕಿಷ್ ಅರೇಬಿಯಾ.

ನಮ್ಮ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣಕ್ಕೆ ಬರುತ್ತೇನೆ. 1891ರ ಮಾರ್ಚ್ 11ರಂದು ಕಲ್ಕತ್ತೆಯಲ್ಲಿ ಆರಂಭವಾದ ಸಂಸ್ಥೆಯಿದು; ತಾಣ ತೆರೆದದ್ದು 2015ರಲ್ಲಿ. ಮೈಸೂರು ಲ್ಯಾನ್ಸರ್ಸ್ ಬಗ್ಗೆ ಮೂಲ ಕಾಗದಪತ್ರ ಬೇಕೆನ್ನುವವರಿಗೆ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ಇದೇ. ಆದರೆ ಸೇನಾ ಇಲಾಖೆಯ ಕಡತಗಳಲ್ಲಿ ಮಾತ್ರ ಹುಡುಕಿದರೆ ಬರಿಗೈಯಲ್ಲಿ ಮರಳುವ ಸಂಭವವಿದೆ. ಸಂಸ್ಥಾನಗಳ ಪಡೆಗಳನ್ನು ಅಂದು ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್ ಎಂದು ಕರೆಯುತ್ತಿದ್ದರು, ಅವುಗಳ ವ್ಯವಹಾರ ನಡೆಯುತ್ತಿದ್ದದ್ದು ವಿದೇಶಾಂಗ ಮತ್ತು ರಾಜಕೀಯ ಇಲಾಖೆಯ ಮೂಲಕ. ಇಲಾಖೆಯ ಹೆಸರನ್ನು ಮೊದಲು ಆರಿಸಿ, ಬಳಿಕ ವರ್ಷ, ಬಳಿಕ ಪದ ಎಂಬ ಕ್ರಮದಲ್ಲಿ ಹೋದರೆ ಹಾದಿ ಸಿಗುತ್ತದೆ. ಪಟ್ಟಿಯಲ್ಲಿ ಕಾಣುವ ಶೀರ್ಷಿಕೆಗಳು ಬಹುಮಟ್ಟಿಗೆ ನೂರು ವರ್ಷದ ಹಿಂದೆ ಕಚೇರಿಯ ಗುಮಾಸ್ತರು ಕಡತದ ಮೇಲೆ ಬರೆದವೇ ಆಗಿರುವುದರಿಂದ ಅವರ ಭಾಷೆಯಲ್ಲಿಯೇ ಕೇಳಬೇಕು. ಕುದುರೆ ಖರೀದಿ, ಪಿಂಚಣಿ, ಸಾಗಣೆಯ ಖರ್ಚು, ಪದಕ ಹಂಚಿಕೆ ಇಂಥ ಒಣ ಶೀರ್ಷಿಕೆಗಳ ಕೆಳಗೆಯೇ ಒಳ್ಳೆಯ ಸಂಗತಿಗಳಿರುತ್ತವೆ.

ಮೈಸೂರು ಸಂಸ್ಥಾನದ ಕಡೆಯ ಕಡತಗಳಿಗೆ ಬೆಂಗಳೂರಿನ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಖುದ್ದಾಗಿ ಹೋಗುವುದೇ ದಾರಿ. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಂಥ ಅಚ್ಚಾದ ದಾಖಲೆಗಳನ್ನು ಸೌತ್ ಏಷ್ಯಾ ಓಪನ್ ಆರ್ಕೈವ್ಸ್ ಮತ್ತು ಇಂಟರ್ನೆಟ್ ಆರ್ಕೈವ್‌ಗಳಲ್ಲಿ ಹುಡುಕಬಹುದು. 1947ರ ನಂತರದ ನಮ್ಮ ಯುದ್ಧಗಳ ದಿನಚರಿಗಳ ಬಗ್ಗೆಯೂ ಒಂದು ಮಾತು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದ್ದೂ ಅವು ಬಹುಕಾಲ ಹೊರಗೆ ಬರಲಿಲ್ಲ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಒಪ್ಪಿದ ನೀತಿ, ಸಾಮಾನ್ಯವಾಗಿ 25 ವರ್ಷಕ್ಕೆ ದಾಖಲೆಗಳ ಗುಪ್ತತೆಯನ್ನು ತೆಗೆಯಬೇಕೆಂದೂ, 25 ವರ್ಷ ಮೀರಿದವನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿಸಬೇಕೆಂದೂ ಹೇಳುತ್ತದೆ. ಬೇರೆ ದೇಶದ ತಾಣಗಳಲ್ಲಿ ನಮ್ಮ ಅಜ್ಜಂದಿರ ಯುದ್ಧವನ್ನು ಓದುವಷ್ಟು ಸುಲಭವಾಗಿ ನಮ್ಮ ತಂದೆಯರ ಯುದ್ಧವನ್ನು ನಮ್ಮದೇ ತಾಣದಲ್ಲಿ ಓದುವಂತಾಗಬೇಕು ಎಂಬ ಹಂಬಲ ನನ್ನದು.

ಸ್ವಲ್ಪ ಆಚೀಚೆ ಹೋಗುವುದಾದರೂ ಒಂದು ತಾಣವನ್ನು ಹೆಸರಿಸದೆ ಇರಲಾರೆ. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಪೆರಿ-ಕಾಸ್ತನ್ಯೇದ ಗ್ರಂಥಾಲಯದಲ್ಲಿ, ಅಮೆರಿಕದ ಸೇನಾ ನಕ್ಷಾ ವಿಭಾಗ 1950ರ ದಶಕದಲ್ಲಿ ಭಾರತಕ್ಕೆ ಮಾಡಿದ 1:250,000 ಪ್ರಮಾಣದ ‘ಯು 502’ ಸರಣಿಯ ಹಾಳೆಗಳಿವೆ. ಸರ್ವೆ ಆಫ್ ಇಂಡಿಯಾದ ಕಾಲಂಗುಲ ನಕ್ಷೆಗಳೇ, ಅಂದರೆ ಒಂದು ಮೈಲಿಯನ್ನು ಕಾಲು ಅಂಗುಲದಲ್ಲಿ ತೋರಿಸುವವೇ, ಅವುಗಳಿಗೆ ಆಧಾರ. ಸೂಚೀನಕ್ಷೆಯಲ್ಲಿ ಚೌಕವನ್ನು ಒತ್ತಿದರೆ ಹಾಳೆಯ ಚಿತ್ರ ತೆರೆಯುತ್ತದೆ, ಅಷ್ಟೆ, ಅದರಾಚೆಗೆ ಅಲಂಕಾರವಿಲ್ಲ. ಹಳೆ ಮೈಸೂರು, ಮಲೆನಾಡು, ಕರಾವಳಿಯ ಬಹುಭಾಗ ‘ಎನ್‌ಡಿ 43’ ಎಂಬ ಗುಂಪಿನಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮುಂಚಿನ ಶರಾವತಿ ಕಣಿವೆಯನ್ನು, ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಈ ಹಾಳೆಗಳಲ್ಲಿ ನೋಡಬಹುದು. ಯುದ್ಧಕ್ಕೆಂದು ಸಿದ್ಧವಾಗಿದ್ದ ನಕ್ಷೆ ಊರು ಕಳೆದುಕೊಂಡವರಿಗೆ ಊರನ್ನು ತೋರಿಸುತ್ತದೆ. ಪ್ರಮಾಣ ಚಿಕ್ಕದಾದ್ದರಿಂದ ಮನೆ ಗದ್ದೆಗಳನ್ನು ನಿರೀಕ್ಷಿಸಬಾರದು, ನದಿಯ ತಿರುವು, ರಸ್ತೆ, ಊರಿನ ಹೆಸರು ಸಿಕ್ಕರೆ ಸಾಕೆನ್ನುವವರಿಗೆ ಇದು ಸಾಕು.

ಮತ್ತೆ ಸವಾರರ ಹತ್ತಿರ ಬರೋಣ. ದಾರಿ ಸಿಕ್ಕ ಮೇಲೆ ಹೆಸರುಗಳು ಬೇಕು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ತಾಣದಲ್ಲಿ ಪಡೆಯ ಹೆಸರು, ದೇಶ, ಮಡಿದ ದಿನಾಂಕ ಕೊಟ್ಟು ಹುಡುಕುವ ವ್ಯವಸ್ಥೆಯಿದೆ. ಸವಾರ್, ದಫೇದಾರ್, ಜಮಾದಾರ್, ರಿಸಾಲ್ದಾರ್ ಎಂಬ ಹುದ್ದೆಗಳಿಂದಲೂ ಹುಡುಕಬಹುದು. ‘ಹೆಚ್ಚುವರಿ ಮಾಹಿತಿ’ ಎಂಬ ಅಂಕಣದಲ್ಲಿ ಕೆಲವರಿಗೆ ತಂದೆಯ ಹೆಸರು, ಊರು, ತಾಲ್ಲೂಕು ಇರುತ್ತವೆ. ಮೈಸೂರು, ಕೊಡಗು ಎಂಬ ಪದಗಳನ್ನು ಅಂದಿನ ಇಂಗ್ಲಿಷ್ ರೂಪದಲ್ಲಿ ಅಲ್ಲಿ ಹಾಕಿ ನೋಡಿ. ಈಜಿಪ್ಟ್ ಮತ್ತು ಪ್ಯಾಲೆಸ್ತೀನ್‌ನಲ್ಲಿ ಮಡಿದ ಭಾರತೀಯರ ಸ್ಮಾರಕ ಸೂಯೆಜ್ ಕಾಲುವೆಯ ದಕ್ಷಿಣದ ತುದಿಯ ಪೋರ್ಟ್ ತೌಫೀಕ್‌ನಲ್ಲಿತ್ತು. 1926ರಲ್ಲಿ ಅನಾವರಣವಾದ ಅದು ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ಯುದ್ಧಗಳಲ್ಲಿ ಹಾಳಾಗಿ, 1980ರಲ್ಲಿ ಕೈರೋದ ಹೀಲಿಯೊಪೊಲಿಸ್‌ನಲ್ಲಿ ಅದಕ್ಕೆ ಬದಲಿ ಸ್ಮಾರಕ ಮಾಡಿದರು. ಆದ್ದರಿಂದ ಹೈಫಾದ ಸಮಾಧಿಗಳನ್ನು ಮಾತ್ರ ನೋಡಿ ಹೆಸರಿಲ್ಲವೆಂದು ಕೈಬಿಡಬಾರದು.

ಈ ತಾಣವನ್ನು ಬಳಸುವವರು ಒಂದು ಸತ್ಯವನ್ನು ತಿಳಿದೇ ಬಳಸಬೇಕು. 2021ರ ಏಪ್ರಿಲ್‌ನಲ್ಲಿ ಆಯೋಗವೇ ಪ್ರಕಟಿಸಿದ ವಿಶೇಷ ಸಮಿತಿಯ ವರದಿಯ ಪ್ರಕಾರ, ಮೊದಲ ಮಹಾಯುದ್ಧದಲ್ಲಿ ಮಡಿದ 45,000ದಿಂದ 54,000 ಮಂದಿಯನ್ನು, ಬಹುಪಾಲು ಭಾರತೀಯರು ಮತ್ತು ಆಫ್ರಿಕನ್ನರನ್ನು, ಇತರರಿಗೆ ಸಮನಾಗಿ ಸ್ಮರಿಸಲಿಲ್ಲ. ಕನಿಷ್ಠ 1,16,000 ಮಂದಿಯನ್ನು ಹೆಸರಿನಿಂದ ಸ್ಮರಿಸಲಿಲ್ಲ, ಇಲ್ಲವೇ ಸ್ಮರಿಸಲೇ ಇಲ್ಲ. ಆ ಸಂಖ್ಯೆ 3,50,000ದವರೆಗೂ ಇರಬಹುದು. ಬಸ್ರಾದ ಸ್ಮಾರಕದಲ್ಲಿ ಬ್ರಿಟಿಷರ ಹೆಸರುಗಳನ್ನು ಕೆತ್ತಿ, ಭಾರತೀಯ ಸಾಮಾನ್ಯ ಸಿಪಾಯಿಗಳನ್ನು ಪಡೆಯ ಹೆಸರಿನ ಕೆಳಗೆ ಬರೀ ಸಂಖ್ಯೆಯಾಗಿ ಬರೆದಿದ್ದರು. ಹುಡುಕಿದ ಹೆಸರು ಸಿಗದಿದ್ದರೆ ಆ ಮನುಷ್ಯ ಯುದ್ಧಕ್ಕೇ ಹೋಗಿರಲಿಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ. ಪಂಜಾಬಿನವರಿಗೆ ಈ ವಿಷಯದಲ್ಲಿ ಒಂದು ಭಾಗ್ಯ ಒದಗಿತು: ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದ, ಸುಮಾರು 3,20,000 ಸೈನಿಕರ ಊರುವಾರು ರಿಜಿಸ್ಟರ್‌ಗಳನ್ನು ಬ್ರಿಟನ್ನಿನ ಪಂಜಾಬಿ ಪರಂಪರೆ ಸಂಘವೂ ಗ್ರೀನಿಚ್ ವಿಶ್ವವಿದ್ಯಾಲಯವೂ ಸೇರಿ 2021ರಿಂದ ಹಂತಹಂತವಾಗಿ ಅಂತರ್ಜಾಲಕ್ಕೆ ತಂದವು. ಊರಿನ ಹೆಸರು ಹಾಕಿದರೆ ಹೋದವರ ಪಟ್ಟಿ ಬರುತ್ತದೆ. ಮೈಸೂರು, ಕೊಡಗುಗಳಿಗೂ ಅಂಥದ್ದೊಂದು ಬೇಕು.

ಕೊನೆಯದಾಗಿ ಒಂದು ಪ್ರಾಯೋಗಿಕ ವಿಷಯ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರ್‌ಗಳ ಮೇಲೆ ಸೈಬರ್ ದಾಳಿ ನಡೆದು ಅದರ ಸೂಚಿ ಮತ್ತು ಡಿಜಿಟಲ್ ಸಂಗ್ರಹ ತಿಂಗಳುಗಟ್ಟಲೆ ಸಿಗದೆ ಹೋದವು. ಅಂದಿನಿಂದ ನಾನು ಉಪಯೋಗಿಸಿದ ಪ್ರತಿ ಹಾಳೆಯನ್ನೂ ಇಳಿಸಿಟ್ಟುಕೊಂಡು, ಕಡತದ ಹೆಸರಿನಲ್ಲಿಯೇ ಸಂಸ್ಥೆ, ವರ್ಗ, ಸಂಖ್ಯೆ, ನೋಡಿದ ದಿನಾಂಕ ಬರೆದಿಡುತ್ತಿದ್ದೇನೆ. ಹೈಫಾದ ಗೆಜೆಟ್ ಪುಟ, 1880ರ ಹಾಳೆ, 1940ರ ದಶಕದ ಹಾಳೆ ಮತ್ತು ಕೈಯಲ್ಲಿ ಬರೆದ ನನ್ನ ಒರಟು ನಕ್ಷೆ, ಈ ನಾಲ್ಕನ್ನೂ ಅಚ್ಚು ಹಾಕಿಸಿ ಒಂದು ಲಕೋಟೆಯಲ್ಲಿಟ್ಟಿದ್ದೇನೆ. ಬರುವ ಸೆಪ್ಟೆಂಬರ್ 23ರಂದು ಅದನ್ನು ಜೆ.ಸಿ. ನಗರಕ್ಕೆ ತೆಗೆದುಕೊಂಡು ಹೋಗಿ, ಸ್ಮಾರಕದ ಮೇಲಿನ ಹೆಸರುಗಳನ್ನು ಆಯೋಗದ ಪಟ್ಟಿಯೊಂದಿಗೆ ಒಂದೊಂದಾಗಿ ಹೋಲಿಸಿ ಗುರುತು ಹಾಕುವ ಕೆಲಸ ಉಳಿದಿದೆ.